ಒಳಗಿನಿಂದ ಉಬ್ಬಿದ ತಗಡು

ಏಣಿಯನ್ನು ಗೋಡೆಗೆ ಒರಗಿಸಿದ ಮೇಲೆ ಹತ್ತಬೇಕು. ಮೀಸೆ ಮೂಡುವ ಮೊದಲಿನಿಂದಲೂ ಮನೆಗಳ ಮೇಲೆ ತಗಡಿನ ಮಾಡು ಕಟ್ಟುತ್ತ ಬಂದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಆ ಬೆಳಿಗ್ಗೆ ಅವನು ಏಣಿಯ ಬುಡದಲ್ಲೇ ನಿಂತು, ಅದರ ಕಾಲು ನೆಲದಲ್ಲಿ ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ಒದ್ದು ನೋಡಿದ, ಮತ್ತೊಮ್ಮೆ ಒದ್ದು ನೋಡಿದ, ಆಮೇಲೆ ಅದರಡಿಗೆ ಒಂದು ಕಲ್ಲು ಸಿಕ್ಕಿಸಿ, ಆ ಕಲ್ಲು ಸರಿಯಿಲ್ಲವೆಂದು ಇನ್ನೊಂದನ್ನು ಹುಡುಕಲು ಹೊರಟ. ಅಕ್ಕ ತನ್ನ ತಾತ್ಕಾಲಿಕ ಶೆಡ್ಡಿನ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳು ಹೇಳಿ ಕಳಿಸಿದ್ದು ಒಂದೇ ಮಾತು: ಇವತ್ತು ಸಂಜೆ ಮನೆಯೊಳಗೆ ಹೋಗಿಬಿಡುತ್ತೇನೆ, ಅಷ್ಟರಲ್ಲಿ ಅಟ್ಟದ ಮೇಲಿನ ಆ ಒಂದು ತಗಡು ಬದಲಾಯಿಸಿಕೊಡು. ಹೊಸ ತಗಡನ್ನು ಅವನು ಹೊತ್ತು ತಂದದ್ದೂ ನಿಜ. ಆದರೆ ಅವನ ಚೀಲದಲ್ಲಿ ಅಕ್ಕ ಹೇಳದ ಸಾಮಾನೂ ಇತ್ತು. ತಗಡು ಕೊಯ್ಯುವ ಮೆಷಿನ್ನು, ಒಂದು ಜೊತೆ ಕೀಲು, ಒಳಗಿನಿಂದ ತೆಗೆಯುವಂಥ ಅಗುಳಿ, ಅಂಚಿಗೆ ಸುತ್ತಲು ರಬ್ಬರು. ಆ ತಗಡಿನ ಜಾಗದಲ್ಲಿ ಒಬ್ಬ ಆಳು ತೂರುವಷ್ಟು ಕಿಂಡಿ ಬಿಟ್ಟು ಅದಕ್ಕೊಂದು ಮುಚ್ಚಳ ಕೂರಿಸಬೇಕು. ಇನ್ನೊಂದು ಸಲ ನೀರು ನುಗ್ಗಿದರೆ ಅಟ್ಟ ಹತ್ತಿದವರು ಅಗುಳಿ ಎಳೆದು ಮಾಡಿನ ಮೇಲೆ ಬರಬಹುದು. ಇಷ್ಟೇ ವಿಷಯ. ಇದನ್ನು ಅಕ್ಕನಿಗೆ ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬೀದಿಯ ತಿರುವಿನಲ್ಲಿ ಅವಳ ಮುಖ ಕಂಡದ್ದೇ ತಡ, ಒಂದಕ್ಷರವೂ ನೆನಪಿಗೆ ಬರಲಿಲ್ಲ.

"ಕಲ್ಲು ಹುಡುಕಿದ್ದು ಸಾಕು, ಟೀ ಆರ್ತಾ ಇದೆ ಬಾ," ಎಂದಳು ಅಕ್ಕ.

ಅವನು ಬಂದು ಶೆಡ್ಡಿನ ಹೊಸ್ತಿಲಲ್ಲಿ ಕೂತ. ಇಲ್ಲಿ ಕೂತರೆ ಎದುರಿಗೆ ಆ ಮನೆಯೇ ಕಾಣುತ್ತದೆ, ಬೇರೆ ಕಡೆ ನೋಡುತ್ತೇನೆಂದರೂ ನೋಡುವುದಕ್ಕೆ ಬೇರೆ ಏನಿತ್ತು. ಚಂಡಮಾರುತದ ಗಾಳಿ ಬಂದು, ನೀರು ನುಗ್ಗಿ ಹೋದ ಮೇಲೆ ಸಮುದ್ರದ ಕಡೆಯ ಈ ಬೀದಿಯಲ್ಲಿ ಉಳಿದದ್ದು ಬರೀ ಮೆಟ್ಟಿಲುಗಳು. ಸಾಲಾಗಿ ಮೆಟ್ಟಿಲು, ಹತ್ತಿದರೆ ಮನೆಯಿಲ್ಲ. ನಡುವೆ ಅಕ್ಕನ ಮನೆಯೊಂದೇ, ಹಲ್ಲುದುರಿದ ಬಾಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ. ಮರುದಿನ ಬೆಳಿಗ್ಗೆ ದೂರದಿಂದ ಅದನ್ನು ಮೊದಲು ಕಂಡವನು ಅವನೇ. ಮೊಣಕಾಲುದ್ದ ಕೆಸರಿನಲ್ಲಿ ಎದ್ದು ಬಿದ್ದು ಓಡಿದ್ದ, ಹಿಂದೆ ಬರುತ್ತಿದ್ದ ಅಕ್ಕನಿಗೆ "ನಿಂತಿದೆ, ಅಕ್ಕಾ, ನಿಂತಿದೆ" ಎಂದು ಕೂಗಿದ್ದ. ಕೂಗಿದ್ದು ಮಾತ್ರವಲ್ಲ, ನಕ್ಕಿದ್ದ. ಆ ನಗು ಈಗಲೂ ಮುಖಕ್ಕೆ ಮೆತ್ತಿಕೊಂಡೇ ಇದೆ ಎಂದು ಅವನಿಗೆ ಒಮ್ಮೊಮ್ಮೆ ಅನ್ನಿಸಿ, ಕನ್ನಡಿಯ ಮುಂದೆ ಕ್ಷೌರ ಮಾಡಿಕೊಳ್ಳುವಾಗ ಬಾಯಿ ಒರೆಸಿಕೊಳ್ಳುತ್ತಾನೆ. ಬಾಗಿಲ ಹಿಂದೆ ಕೆಸರು ತುಂಬಿದ್ದರಿಂದ ಬಾಗಿಲು ಒಡೆಯಬೇಕಾಯಿತು. ಗೋಡೆಯ ಮೇಲೆ ನೀರಿನ ಗೆರೆ ಹುಡುಕಿದರು, ಸಿಗಲಿಲ್ಲ, ಯಾಕೆಂದರೆ ನೀರು ಗೋಡೆ ಮುಗಿಯುವವರೆಗೂ ಏರಿತ್ತು. ಭಾವ ಅಟ್ಟದ ಮೇಲಿದ್ದರು. ಕೈಯಲ್ಲಿ ಅವರ ಇಸ್ತ್ರಿ ಪೆಟ್ಟಿಗೆ ಇತ್ತು. ಟೈಲರ್ ಆದವನ ಮನೆಯಲ್ಲಿ ಕೈಯಲ್ಲಿ ಹಿಡಿದು ಗುದ್ದಬಹುದಾದ ಭಾರದ ವಸ್ತು ಅಂತ ಇರುವುದು ಅದೊಂದೇ. ಅದರ ಮೂತಿಯಿಂದ ಗುದ್ದಿ ಗುದ್ದಿ ಒಂದು ತಗಡನ್ನು ಹೊರಕ್ಕೆ ಉಬ್ಬಿಸಿದ್ದರು. ತಗಡು ಉಬ್ಬಿತ್ತು, ಬಿಟ್ಟುಕೊಟ್ಟಿರಲಿಲ್ಲ. ಬೇರೆಯವರ ಮನೆಗೆ ಒಂದು ಸ್ಕ್ರೂ ಹೊಡೆಯುವ ಕಡೆ ಅಕ್ಕನ ಮನೆಯೆಂದು ಅವನು ಎರಡೆರಡು ಹೊಡೆದಿದ್ದ.

"ಸಕ್ಕರೆ ಸಾಕಾ?" ಅಕ್ಕ ಕೇಳಿದಳು.

"ಸಾಕು."

"ಇನ್ನೂ ಕುಡಿದೇ ಇಲ್ಲ, ಸಾಕು ಅಂತೀಯ."

ಕುಡಿದ. ಸಕ್ಕರೆ ಹಾಕಿರಲೇ ಇಲ್ಲ. ಅಕ್ಕ ಅವನ ಮುಖ ನೋಡಿ ಹಿಂದೆಂದೋ ನಗುತ್ತಿದ್ದಂತೆ ನಕ್ಕಳು, ಡಬ್ಬಿ ತಂದು ಮುಂದಿಟ್ಟಳು. ಅವಳು ಹೀಗೆ ನಕ್ಕಾಗಲೇ ಅವನಿಗೆ ತೀರಾ ಕಷ್ಟವಾಗುತ್ತಿತ್ತು. ಅತ್ತಿದ್ದರೆ, ಬೈದಿದ್ದರೆ, ನೀನು ಕಟ್ಟಿದ್ದೇ ಅವರಿಗೆ ಗೋರಿಯಾಯಿತು ಎಂದು ಒಂದು ಸಲ ಬಾಯಿಬಿಟ್ಟು ಅಂದಿದ್ದರೆ, ಅವನು ಅವಳ ಕಾಲು ಹಿಡಿದುಕೊಂಡು ಹಗುರಾಗಬಹುದಿತ್ತು. ಅವಳು ಅದಕ್ಕೆ ಆಸ್ಪದವನ್ನೇ ಕೊಡಲಿಲ್ಲ. ಮಣ್ಣು ಮಾಡಿ ಬಂದ ದಿನ ಕೂಡ ಅವಳು ಕೇಳಿದ್ದು, ನೀನು ಊಟ ಮಾಡಿದೆಯಾ ಅಂತ. ಭಾವ ಬದುಕಿದ್ದಾಗ ಬಟ್ಟೆ ಹೊಲಿಸಲು ಬಂದವರಿಗೆಲ್ಲ ಮೊದಲು ಮಾಡು ತೋರಿಸುತ್ತಿದ್ದರು. ಗೋಡೆಗೂ ತೊಲೆಗೂ ಬಿಗಿದ ಕಬ್ಬಿಣದ ಪಟ್ಟಿಗಳ ಮೇಲೆ ಬೆರಳಾಡಿಸುತ್ತ, "ನಂದೇನು ಹೊಲಿಗೆ, ಹೊಲಿಗೆ ಅಂದ್ರೆ ನನ್ನ ಭಾಮೈದಂದು, ಎಳೆದು ನೋಡಿ ಬೇಕಾದ್ರೆ," ಎನ್ನುತ್ತಿದ್ದರು. ಬಂದವರು ತಮ್ಮ ಅಂಗಿ ಯಾವಾಗ ಸಿಗುತ್ತದೋ ಎಂಬ ಚಿಂತೆಯಲ್ಲಿ ತಲೆಯೆತ್ತಿ ನೋಡಿ ಹೌದೌದು ಎನ್ನುವರು. ಅವನಿಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ಹಿಗ್ಗೂ ಆಗುತ್ತಿತ್ತು. ಅಪ್ಪ ಅವನ ಕೆಲಸವನ್ನು ಒಂದು ದಿನವೂ ಹೊಗಳಿದವರಲ್ಲ.

ಈಗ ಹೊಗಳದವರೇ ಇಲ್ಲ. ಬೀದಿಯ ಮನೆಗಳನ್ನೆಲ್ಲ ಮತ್ತೆ ಕಟ್ಟುವ ಕೆಲಸ ಅವನ ಪಾಲಿಗೇ ಬಂದಿತ್ತು, ಕೇಳಿಕೊಂಡು ಹೋಗಿರಲಿಲ್ಲ, ಮನೆ ಬಾಗಿಲಿಗೆ ಬಂದು ಕರೆದಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, ಟೈಲರ್ ಮನೆ ಥರಾನೇ ಆಗಬೇಕು, ಒಂಚೂರೂ ವ್ಯತ್ಯಾಸ ಬೇಡ. ಟೈಲರ್ ಏನಾದ ಎಂಬುದು ಅವರಿಗೆ ಗೊತ್ತಿಲ್ಲ ಅಂತಲ್ಲ. ಹೆಣ ಹೊತ್ತವರೂ ಅವರೇ. ಆದರೆ ಜನರ ತಲೆಯಲ್ಲಿ ಆ ಮನೆ ಬೇರೆ, ಆ ಸಾವು ಬೇರೆ. ಮನೆ ನಿಂತದ್ದು ಅವನ ಕೈಗುಣ, ಭಾವ ಹೋದದ್ದು ಅವರ ಹಣೆಬರಹ. ಇವೆರಡನ್ನೂ ಒಂದಕ್ಕೊಂದು ಗಂಟು ಹಾಕಿಕೊಂಡು ಒದ್ದಾಡುತ್ತಿದ್ದವನು ಬೀದಿಗೆಲ್ಲ ಅವನೊಬ್ಬನೇ.

ಅವನು ಕೊನೆಗೂ ಏಣಿಯ ಕಡೆ ಎದ್ದಾಗ ಪಕ್ಕದ ಮೆಟ್ಟಿಲುಗಳ ಮೇಲಿಂದ ತೇಲಜ್ಜಿ ಕೈಬೀಸಿ ಕರೆದಳು. ಅವಳ ನಿಜವಾದ ಹೆಸರು ಈಗ ಯಾರಿಗೂ ಬೇಕಾಗಿಲ್ಲ. ಕಿವಿ ಮಂದವಾದ್ದರಿಂದ ಊರು ಬಿಡಿ ಎಂದು ಮೈಕಿನಲ್ಲಿ ಕೂಗಿದ್ದು ಕೇಳಿಸದೆ ಮನೆಯಲ್ಲೇ ಉಳಿದಿದ್ದಳು. ಅವಳದು ಹರಕು ಮನೆ, ಮಾಡನ್ನು ತಂತಿಯಲ್ಲಿ ಸುತ್ತಿ ನಿಲ್ಲಿಸಿದ್ದರು. ಮೊದಲ ಪೆಟ್ಟಿಗೇ ಮಾಡು ಕಿತ್ತು ಪಕ್ಕಕ್ಕೆ ಬಿತ್ತು, ನೀರು ಬಂದಾಗ ತೇಲಿತು, ಅಜ್ಜಿ ಅದರ ಮೇಲೆ ಮಲಗಿಕೊಂಡು ತೇಲಿ ಹೋಗಿ ದೂರದ ಒಂದು ಮರಕ್ಕೆ ಸಿಕ್ಕಿಕೊಂಡಳು. ಬೆಳಗಾದ ಮೇಲೆ ಇಳಿಸಿದಾಗ, ನನ್ನ ಚಪ್ಪಲಿ ಎಲ್ಲಿ ಎಂದು ಜಗಳ ತೆಗೆದಳಂತೆ.

"ಏ ಮಗಾ, ನಮ್ಮನೆ ಮಾಡಿಗೆ ಯಾವಾಗ ಕೈ ಹಾಕ್ತೀಯ? ಈ ಸಲ ಗಟ್ಟಿಯಾಗಿ ಬಿಗಿ ಮತ್ತೆ. ನಿಮ್ಮಕ್ಕನ ಮನೆಗೆ ಬಿಗಿದ ಹಾಗೆ ಬಿಗಿ."

"ಅಜ್ಜಿ, ಹಾರಿದ್ದಕ್ಕೇ ನೀವು ಬದುಕಿದ್ದು," ಎಂದು ಅವನು ಅವಳ ಕಿವಿಯ ಹತ್ತಿರ ಬಾಗಿ ಕೂಗಿದ.

"ಹಾಂ?"

"ಮಾಡು ಕಿತ್ತು ಬಂದಿದ್ದಕ್ಕೇ ನೀವು ಬದುಕಿದ್ದು!"

ಅಜ್ಜಿ ಅವನನ್ನು ತಲೆ ಕೆಟ್ಟವನನ್ನು ನೋಡುವಂತೆ ನೋಡಿದಳು. "ಬದುಕಿ ಏನ್ ಗುಡ್ಡೆ ಹಾಕಿದೆ? ಮನೆ ಹೋಯ್ತಲ್ಲ. ನಿಮ್ಮಕ್ಕನ ಮನೆ ನೋಡು, ಕೂದಲು ಕೊಂಕಿಲ್ಲ."

ಅವನಿಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಇವಳು ಬದುಕಿದ್ದಾಳೆ, ಭಾವ ಇಲ್ಲ. ಅವಳ ಮಾಡು ಕಟ್ಟಿದವನು ಕೆಲಸಗೇಡಿ, ಕುಡುಕ, ಅವನು ಇವತ್ತು ಎಲ್ಲೋ ನೆಮ್ಮದಿಯಾಗಿ ನಿದ್ದೆ ಮಾಡುತ್ತಿರಬಹುದು. ಸಿಟ್ಟು ಬಂದಷ್ಟೇ ಬೇಗ ಇಳಿದು, ಹಲ್ಲಿಲ್ಲದ ಮುದುಕಿಯ ಸಾವು ಬಯಸಿದೆನಲ್ಲ ಎಂದು ಮೈಯೆಲ್ಲ ಬೆವರಿತು. ಆಗಲಿ ಅಜ್ಜಿ, ಮುಂದಿನ ವಾರ ಎಂದು ಹೇಳಿ ತಪ್ಪಿಸಿಕೊಂಡ.

ಅಷ್ಟರಲ್ಲಿ ಇಂಜಿನಿಯರು ಬಂದರು. ಮನೆ ಕಟ್ಟಿಸುವ ಕಚೇರಿಯವರು, ಒಳ್ಳೆಯ ಮನುಷ್ಯರು, ಬಿಸಿಲಿಗೆ ಯಾವಾಗಲೂ ಮೂಗು ಕೆಂಪಾಗಿರುತ್ತಿತ್ತು. ಅವರ ಹಿಂದೆ ಬೇರೆ ಊರಿನ ಗಂಡ ಹೆಂಡತಿ ಒಂದು ಜೋಡಿ. ಅವರ ಮನೆಯೂ ಹೋಗಿತ್ತು, ಈಗ ಕಟ್ಟಬೇಕಾಗಿತ್ತು, ಕಟ್ಟುವ ಮುಂಚೆ ನಿಂತ ಮನೆ ಹೇಗಿರುತ್ತದೆಂದು ನೋಡಲು ಬಂದಿದ್ದರು. ಹೀಗೆ ದಿನಕ್ಕೊಬ್ಬರಾದರೂ ಬರುತ್ತಿದ್ದರು. ಅಕ್ಕ ಬೀಗ ತೆಗೆದು, ಚಪ್ಪಲಿ ಬಿಡೋದೇನೂ ಬೇಡ ಬನ್ನಿ ಎಂದು ಒಳಗೆ ಕರೆದಳು. ಹೊಸ ಸುಣ್ಣದ ವಾಸನೆ, ಅದರಡಿಯಲ್ಲಿ ಎಷ್ಟು ತೊಳೆದರೂ ಹೋಗದ ಕೆಸರಿನ ವಾಸನೆ. ಇಂಜಿನಿಯರು ಕೋಲು ಹಿಡಿದು ಮಾಸ್ತರರಂತೆ ತೋರಿಸುತ್ತ ಹೋದರು, ಇಲ್ಲಿ ಪಟ್ಟಿ, ಇಲ್ಲಿ ಪಟ್ಟಿ, ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತದೆ, ಹಾಗಾಗಿ ಮಾಡನ್ನು ಹೊರುವುದಕ್ಕಿಂತ ಹಿಡಿದಿಟ್ಟುಕೊಳ್ಳುವುದು ಮುಖ್ಯ. ಅವನು ಮೂಲೆಯಲ್ಲಿ ನೋಡಲು ಇಟ್ಟ ಸಾಮಾನಿನಂತೆ ನಿಂತಿದ್ದ. ಹೆಂಗಸು ತಲೆಯೆತ್ತಿ ಅಟ್ಟದ ಮೇಲಕ್ಕೆ ನೋಡಿದಳು.

"ಅಲ್ಲೇನಾಗಿದೆ? ಮರ ಗಿರ ಬಿದ್ದಿತ್ತಾ?"

"ಕೊಂಬೆ ಇರಬೇಕು," ಎಂದರು ಇಂಜಿನಿಯರು ಬೇಗ.

"ಕೊಂಬೆ ಬಿದ್ದರೆ ಒಳಕ್ಕೆ ತಗ್ಗಬೇಕಲ್ಲ? ಇದು ಹೊರಗಡೆ ಉಬ್ಬಿದೆ."

ಅಕ್ಕ ಕಿಟಕಿಯ ಧೂಳನ್ನು ಸೆರಗಿನಲ್ಲಿ ಒರೆಸುತ್ತ, ಮಳೆ ಬರುತ್ತದೇನೋ ಎನ್ನುವಷ್ಟು ಸಲೀಸಾಗಿ ಹೇಳಿದಳು, "ಅದು ನಮ್ಮೋರು ಗುದ್ದಿದ್ದು. ಒಳಗಿಂದ."

ಹೆಂಗಸಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಗಂಡನ ತೋಳು ಹಿಡಿದುಕೊಂಡಳು. ಇಂಜಿನಿಯರು ಕೋಲಿನ ತುದಿಯನ್ನು ನೋಡಿಕೊಂಡು, ಏನಾದರೂ ಹೇಳಲೇಬೇಕಾದ ಒತ್ತಡದಲ್ಲಿ ಹೇಳಿಬಿಟ್ಟರು, "ಆದರೂ ನೋಡಿ, ಒಂದೇ ಒಂದು ಸ್ಕ್ರೂ ಕಿತ್ತು ಬಂದಿಲ್ಲ." ಆ ಗಂಡಸು ಹೌದಲ್ಲ ಎಂದು ತಲೆಯಾಡಿಸಿ, ಮೂಲೆಯಲ್ಲಿದ್ದ ಅವನ ಕಡೆ ತಿರುಗಿ ಗೌರವದಿಂದ ನೋಡಿದ. ಆ ಕ್ಷಣ ಅವನ ಎದೆಯಲ್ಲಿ ಎದ್ದದ್ದು ಹೆಮ್ಮೆ. ಸಂಶಯವೇ ಇಲ್ಲ, ಹೆಮ್ಮೆಯೇ. ಭಾವ ಉಸಿರಿಗಾಗಿ ಗುದ್ದಿದ್ದಾರೆ, ಆದರೂ ತನ್ನ ಸ್ಕ್ರೂ ಹಿಡಿದುಕೊಂಡಿದೆ. ಇಂಥ ಮನುಷ್ಯ ನಾನು ಎಂದು ಅವನಿಗೆ ಗೊತ್ತಾದದ್ದು ಹೀಗೆ, ಪರವೂರಿನವರ ಮುಂದೆ, ಹಾಡಹಗಲಲ್ಲಿ. ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಅವನು ಬಗ್ಗಿ ನೆಲದ ಮೇಲೆ ಬಿದ್ದಿಲ್ಲದ ಮೊಳೆಯೊಂದನ್ನು ಹುಡುಕತೊಡಗಿದ.

ಹೊರಗೆ ಬಂದ ಮೇಲೆ ಇಂಜಿನಿಯರನ್ನು ಪಕ್ಕಕ್ಕೆ ಕರೆದು ಕಿಂಡಿಯ ವಿಷಯ ಎತ್ತಿದ. ಬರೀ ಇದೊಂದು ಮನೆಗಲ್ಲ, ಸಾಲಿನ ಎಲ್ಲ ಮನೆಗಳಿಗೂ ಎಂದ.

ಇಂಜಿನಿಯರು ನಿಟ್ಟುಸಿರು ಬಿಟ್ಟರು. "ನಾನೂ ಯೋಚನೆ ಮಾಡಿದ್ದೀನಿ, ನನಗೇನು ಮನಸ್ಸಿಲ್ಲ ಅಂದ್ಕೋಬೇಡಿ. ಆದರೆ ನೀವೇ ಹೇಳಿ, ಮುಚ್ಚಳ ಅಂದರೆ ಸಂದು. ಗಾಳಿ ಮೊದಲು ಕೈ ಹಾಕೋದೇ ಸಂದಿಗೆ. ಮುಚ್ಚಳ ಹೋದರೆ ಅಲ್ಲಿಂದ ಇಡೀ ಮಾಡು ಹೋಗುತ್ತೆ. ನೀರು ಒಂದು ಸಲ ಬರುತ್ತೆ, ಗಾಳಿ ಪ್ರತಿ ವರ್ಷ ಬರುತ್ತೆ."

ಇದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬೇರೆ ಯಾರಾದರೂ ಕೇಳಿದ್ದರೆ ಅವನೂ ಇದನ್ನೇ ಹೇಳುತ್ತಿದ್ದ. ಕಿಂಡಿ ಬಿಟ್ಟರೆ ಗಾಳಿಗೆ ದಾರಿ, ಬಿಡದಿದ್ದರೆ ನೀರಿಗೆ ಬಲಿ. ಮರಳಿನಿಂದ ದೂರ ಮೇಲಿನ ಗುಡ್ಡದ ಹತ್ತಿರ ಜಾಗ ಕೊಡುತ್ತೇವೆ ಎಂದವರು ಆ ಮಾತನ್ನು ಮತ್ತೆ ಎತ್ತಿಲ್ಲ, ಅಲ್ಲಿ ಹೋಗಿ ಬದುಕುವುದಕ್ಕೆ ಏನಿದೆ ಎಂದುಕೊಂಡು ಈ ಬೀದಿಯವರೂ ಆ ಜಾಗ ಕೇಳಿಲ್ಲ. ಇರುವ ಜಾಗದಲ್ಲೇ, ಇದ್ದ ಹಾಗೇ, ಇನ್ನಷ್ಟು ಬಿಗಿಯಾಗಿ ಕಟ್ಟಬೇಕು. ಅಷ್ಟೂ ಮನೆಗಳ ಅಟ್ಟದ ಮೇಲೆ ಅಷ್ಟೂ ಜನ ಏನೇನೋ ಹಿಡಿದು ಗುದ್ದುತ್ತಿರುವುದು ಅವನಿಗೆ ಕೇಳಿಸಿತು, ಒಬ್ಬಳು ಒನಕೆಯಲ್ಲಿ, ಒಬ್ಬ ಬರಿಗೈಯಲ್ಲಿ. ಇಂಜಿನಿಯರು ಅವನ ಭುಜ ತಟ್ಟಿ ಗಾಡಿ ಹತ್ತಿದರು.

ಅವನು ಅಕ್ಕನ ಮುಂದೆ ಚೀಲ ಸುರಿದ. ಕೀಲು, ಅಗುಳಿ, ರಬ್ಬರು ಎಲ್ಲ ನೆಲದ ಮೇಲೆ ಬಿದ್ದವು. ಬಾಯಿಪಾಠ ಮಾಡಿದ್ದರಲ್ಲಿ ಒಂದೂ ಬರದೆ, ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳಿದ. ಎಷ್ಟು ಅಗಲ, ಮುಚ್ಚಳ ಹೇಗೆ ಕೂರುತ್ತದೆ, ಒಂದು ಹನಿಯೂ ಸೋರುವುದಿಲ್ಲ, ಕಿರುಬೆರಳಲ್ಲಿ ಎಳೆದರೂ ಅಗುಳಿ ತೆರೆಯುತ್ತದೆ. ಅಕ್ಕ ಅಗುಳಿಯನ್ನು ಕೈಗೆತ್ತಿಕೊಂಡು ಎರಡು ಸಲ ಆಡಿಸಿ ನೋಡಿದಳು. ಚೆನ್ನಾಗಿದೆ ಎಂದಳು. ಆಮೇಲೆ ಅವನ ಚೀಲಕ್ಕೇ ವಾಪಸು ಹಾಕಿದಳು.

"ಬೇಡ ಕಣೋ."

"ಯಾಕೆ ಬೇಡ? ಗಾಳಿ ಬಂದು ಮಾಡು ಹೋದ್ರೆ ಹೋಗ್ಲಿ, ಮತ್ತೆ ಕಟ್ಕೊಡ್ತೀನಿ. ಹೋದ ಸಲ ಇದೊಂದು ಇದ್ದಿದ್ರೆ..."

"ಇದ್ದಿದ್ರೆ?"

ಅವನು ನೆಲದ ಮೇಲೆ ಬಿದ್ದಿದ್ದ ಕೀಲುಗಳನ್ನು ಆಯತೊಡಗಿದ.

"ಆವತ್ತು ನಾನು ಕರೆದೆ," ಎಂದಳು ಅಕ್ಕ. ಇದನ್ನು ಅವಳು ಇದುವರೆಗೆ ಹೇಳಿರಲಿಲ್ಲ. "ಮೈಕಲ್ಲಿ ಕೂಗ್ತಾ ಇದ್ರು, ಗಾಡಿ ಬೀದಿ ತುದೀಲಿ ನಿಂತಿತ್ತು. ಬನ್ನಿ ಅಂದೆ, ಕೈ ಹಿಡಿದು ಎಳೆದೆ. ಅವರು ನಕ್ಕರು. ಇಂಥಾ ಮನೆ ಕಟ್ಟಿಸ್ಕೊಂಡು, ಗಾಳಿ ಅಂದ ಕೂಡ್ಲೇ ಶಾಲೆ ಜಗಲೀಲಿ ಹೋಗಿ ಮಲಗಿದ್ರೆ ಅವನ ಮುಖಕ್ಕೆ ಏನು ಹೇಳ್ಲಿ, ಅವನಿಗೆ ಅವಮಾನ ಆಗಲ್ವಾ ಅಂದ್ರು. ನೀನು ಹೋಗು, ನಾನು ಮನೇಲಿರ್ತೀನಿ, ಬೆಳಿಗ್ಗೆ ಬಂದು ನೋಡು ಅಂದ್ರು."

ಅವನು ಗೋಡೆಗೆ ಒರಗಿದ. ತನಗೆ ಅವಮಾನವಾಗುತ್ತದೆಂದು. ತಾನು ಆ ರಾತ್ರಿ ಶಾಲೆಯ ಜಗಲಿಯಲ್ಲೇ ಮಲಗಿದ್ದ, ಅಕ್ಕನ ಪಕ್ಕದಲ್ಲೇ, ಹೆಂಡತಿ ಮಕ್ಕಳ ಜೊತೆ. ಭಾವ ಎಲ್ಲಿ ಎಂದು ಕೇಳಿದ್ದಕ್ಕೆ ಅಕ್ಕ ಮನೆಯಲ್ಲಿದ್ದಾರೆ ಎಂದಿದ್ದಳು, ಅವನು, ಹಾಗಾದರೆ ಹೆದರಿಕೆಯಿಲ್ಲ ಬಿಡು ಎಂದು ಮಗ್ಗುಲು ಬದಲಿಸಿದ್ದ.

"ಈಗ ನೀನು ಬಂದು ಮಾಡಿಗೆ ತೂತು ಹಾಕ್ತೀನಿ ಅಂತೀಯ," ಎಂದಳು ಅಕ್ಕ, ದನಿ ಏರಿಸದೆ. "ಅಂದ್ರೆ ಮನೆ ಸರಿ ಇರ್ಲಿಲ್ಲ ಅಂತ ತಾನೇ? ಅವರು ನಂಬಿದ್ದು ತಪ್ಪು ಅಂತ ತಾನೇ? ಇಲ್ಲಿ ದಿನಾ ಬಂದು ಜನ ನೋಡಿ ಹೋಗ್ತಾರೆ, ಎಂಥಾ ಮನೆ ಅಂತಾರೆ. ಹಾಗಂದಾಗ ನನಗೆ ಏನನ್ಸುತ್ತೆ ಗೊತ್ತಾ, ಅವರು ದಡ್ಡರಲ್ಲ ಅನ್ಸುತ್ತೆ. ಆ ಒಂದು ಮಾತು ಸಾಕು ನನಗೆ. ಅದನ್ನೂ ಕಿತ್ಕೋಬೇಡ. ತಗಡು ಬದಲಾಯಿಸಿ ಹೋಗು."

"ಇನ್ನೊಂದು ಸಲ ಬಂದ್ರೆ, ಅಕ್ಕ? ನೀನಾದ್ರೂ ಗಾಡಿ ಹತ್ತುತೀಯಲ್ಲ?"

ಅಕ್ಕ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೊರಟಳು. ಅವಳು ಹತ್ತುವುದಿಲ್ಲ ಎಂದು ಅವನಿಗೆ ಗೊತ್ತಾಯಿತು. ಚಿಕ್ಕಂದಿನಿಂದ ನೋಡಿದ್ದಾನೆ, ಅವಳು ಇಲ್ಲ ಎನ್ನುವ ರೀತಿಯೇ ಅದು.

ಅವನು ಏಣಿ ಹತ್ತಿದ. ಬಿಸಿಲಿಗೆ ಮಾಡು ಕಾದಿತ್ತು, ಆಚೆ ಸಮುದ್ರ ಏನೂ ಅರಿಯದಂತೆ ಮಲಗಿತ್ತು. ಉಬ್ಬಿದ ತಗಡಿನ ಸ್ಕ್ರೂಗಳನ್ನು ತಿರುಪಿ ತೆಗೆಯುವುದಕ್ಕೇ ಮಧ್ಯಾಹ್ನ ಕಳೆಯಿತು. ಒಂದೊಂದೂ ಕಿರುಚಿಕೊಂಡು ಹೊರಬಂತು. ಇಷ್ಟು ಬಿಗಿಯಾಗಿ ಯಾವನು ಹೊಡೆದ ಎಂದು ಬೇರೆಯವರ ಕೆಲಸವಾಗಿದ್ದರೆ ಬೈದಿರುತ್ತಿದ್ದ. ತಗಡು ಕಳಚಿ ಬಂದಾಗ ಅದರ ಒಳಮೈಯನ್ನು ನೋಡಬಾರದೆಂದುಕೊಂಡಿದ್ದ, ನೋಡಿದ. ಗುದ್ದುಗಳು ಮೊದಲು ಚೆಲ್ಲಾಪಿಲ್ಲಿಯಾಗಿ ಬಿದ್ದು, ಆಮೇಲೆ ಒಂದೇ ಜಾಗಕ್ಕೆ ಬಿದ್ದಿದ್ದವು. ಭಾವ ಯೋಚನೆ ಮಾಡಿ ಗುದ್ದಿದ್ದಾರೆ, ಹೆದರಿಕೆಯಲ್ಲೂ ಅಂಚು ಯಾವುದೆಂದು ಹುಡುಕಿದ್ದಾರೆ, ಸ್ಕ್ರೂ ಇರುವ ಸಾಲಿನ ಪಕ್ಕಕ್ಕೇ. ಅಲ್ಲಿ ಒಂದೇ ಸ್ಕ್ರೂ ಇದ್ದಿದ್ದರೆ ಸಾಕಿತ್ತು.

ಹೊಸ ತಗಡನ್ನು ಹಾಸಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಅಕ್ಕನಿಗೆ ಹೇಳಬೇಕಾಗಿಯೇ ಇಲ್ಲ. ಈ ತಗಡಿನ ಒಂದು ಕಡೆ ಸ್ಕ್ರೂಗಳನ್ನು ಅರ್ಧಕ್ಕೇ ಬಿಟ್ಟರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಒಳಗಿನಿಂದ ಒಬ್ಬ ಹೆಂಗಸು ಹೆಗಲು ಕೊಟ್ಟು ಒತ್ತಿದರೂ ಬಾಯಿಬಿಡುತ್ತದೆ. ಗಾಳಿ ಕಂಡುಹಿಡಿಯುವುದಿಲ್ಲವೇ? ಹಿಡಿಯುತ್ತದೆ. ಮಾಡು ಹೋಗುತ್ತದೆ, ಹೋಗಲಿ, ಅಜ್ಜಿಯದು ಹೋಗಲಿಲ್ಲವೇ. ಹೋದ ಮಾಡು ಅಕ್ಕನ ತಲೆಯ ಮೇಲೆಯೇ ಬಿದ್ದರೆ? ಅಜ್ಜಿಗೆ ಬಿದ್ದಿರಲಿಲ್ಲ, ಪಕ್ಕಕ್ಕೆ ಬಿದ್ದಿತ್ತು. ಆದರೆ ಇದೇ ಬೀದಿಯ ಆಚೆ ಮನೆಯಲ್ಲಿ ಉಳಿದಿದ್ದ ದಂಪತಿಯ ತಲೆಯ ಮೇಲೆಯೇ ಬಿದ್ದಿತ್ತು. ಅವನು ಮೊದಲ ಸ್ಕ್ರೂ ಇಟ್ಟು ಅರ್ಧಕ್ಕೆ ನಿಲ್ಲಿಸಿದ. ತಗಡು ಅಲ್ಲಿ ಒಂದಿಷ್ಟು ಸಡಿಲಾಗಿ, ಸಣ್ಣ ಗಾಳಿಗೆ ಟಕಟಕ ಅಂದಿತು. ಆ ಸದ್ದನ್ನು ಅವನಿಂದ ಕೇಳಲಾಗಲಿಲ್ಲ. ಕೆಟ್ಟ ಕೆಲಸದ ಸದ್ದು ಅದು, ಅದನ್ನು ಕೇಳಿಸಿಕೊಂಡು ಸುಮ್ಮನಿರುವುದನ್ನು ಅವನ ಕೈ ಯಾವತ್ತೂ ಕಲಿತಿರಲಿಲ್ಲ. ಬಿಡು, ಬಿಡು ಎಂದು ತಾನೇ ಹೇಳಿಕೊಳ್ಳುತ್ತಿದ್ದಂತೆ ಕೈ ಸ್ಕ್ರೂವನ್ನು ಕೊನೆಯವರೆಗೂ ತಿರುಗಿಸಿತು. ಟಕಟಕ ನಿಂತಿತು. ಆಮೇಲೆ ಎರಡನೆಯದು, ಮೂರನೆಯದು, ಅಭ್ಯಾಸದ ಬಲದಲ್ಲಿ ಒಂದರ ಪಕ್ಕದಲ್ಲಿ ಇನ್ನೊಂದು. ಕಣ್ಣು ಮಂಜಾಗಿ ಬೆವರೋ ಕಣ್ಣೀರೋ ತಿಳಿಯದೆ ತೋಳಿನಿಂದ ಒರೆಸಿಕೊಳ್ಳುತ್ತ ಸಾಲು ಮುಗಿಸಿದ.

ಬಿಸಿಲು ಇಳಿಯುವ ಹೊತ್ತಿಗೆ ಅಕ್ಕ ತನ್ನ ಹಾಸಿಗೆ, ಪಾತ್ರೆ, ಭಾವನ ಹೊಲಿಗೆ ಮೆಷಿನ್ನು ಎಲ್ಲ ಒಳಗೆ ಸಾಗಿಸಿ ಆಗಿತ್ತು. ಅವಳು ಅಟ್ಟ ಹತ್ತುತ್ತಿರುವುದು ಮರದ ಕಿರುಗುಟ್ಟುವಿಕೆಯಿಂದ ಅವನಿಗೆ ಗೊತ್ತಾಯಿತು.

"ಆಯ್ತೇನೋ?" ಅವಳ ದನಿ ಮೊಣಕಾಲಿನ ಅಡಿಯಿಂದಲೇ ಬಂತು.

"ಆಯ್ತು."

"ತಡಿ, ನೋಡ್ತೀನಿ."

ಅವಳು ಒಳಗಿನಿಂದ ತಳ್ಳಿದಳು. ತಗಡಿನ ಆಚೆ ಅವಳ ಅಂಗೈ ಎಲ್ಲಿದೆಯೆಂಬುದು ಅವನ ಮೊಣಕಾಲಿಗೆ ತಿಳಿಯುವಷ್ಟು ಹತ್ತಿರ.

"ಜೋರಾಗಿ ತಳ್ಳಕ್ಕಾ," ಎಂದ ಅವನು. "ಇನ್ನೂ ಜೋರಾಗಿ. ಮೈಯೆಲ್ಲ ಕೊಟ್ಟು ತಳ್ಳು."

ಅವಳು ತಳ್ಳಿದಳು, ಏದುಸಿರು ಬಿಡುವುದು ಕೇಳಿಸಿತು. ಅವನು ಉಸಿರು ಹಿಡಿದು, ಕಿತ್ತು ಬಾ, ಕಿತ್ತು ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಒಂದು ಎಳೆಯಷ್ಟೂ ಕದಲಲಿಲ್ಲ.

"ಗಟ್ಟಿಯಾಗಿದೆ ಕಣೋ," ಎಂದಳು ಅಕ್ಕ ಒಳಗಿನಿಂದ, ಸಮಾಧಾನದಲ್ಲಿ. "ಇನ್ನು ಇಳಿದು ಮನೆಗೆ ಹೋಗು."